ಬೆಳ್ಳಿ ನೀರು ಬಾಟಲಿ ದಾಟಿದ ಮೇಲೆ

ಒಂಬತ್ತು ವೋಲ್ಟಿನ ಮೂರು ಬ್ಯಾಟರಿ, ಎರಡು ಬೆಳ್ಳಿ ತಂತಿ, ಒಂದು ಗಾಜಿನ ಲೋಟ, ಅದರ ತುಂಬ ಬಟ್ಟಿ ಇಳಿಸಿದ ನೀರು. ಮನೆಯಲ್ಲೇ ‘ಕೊಲಾಯ್ಡಲ್ ಸಿಲ್ವರ್’ ಮಾಡಿಕೊಳ್ಳಲು ಇಷ್ಟು ಸಾಕು. ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ತಂತಿಗಳು ಒಂದಕ್ಕೊಂದು ತಾಗದಂತೆ ನೀರಿಗಿಳಿಸಿದರೆ, ಪ್ಲಸ್ ಕಡೆಗೆ ಸೇರಿದ ತಂತಿಯಿಂದ ಬೆಳ್ಳಿ ಕಣ್ಣಿಗೆ ಕಾಣದಂತೆ ನೀರಿಗೆ ಬರತೊಡಗುತ್ತದೆ. ಅಮೆರಿಕದಲ್ಲಿ 1990ರ ದಶಕದಿಂದ ಈಚೆಗೆ ಎಷ್ಟೋ ಅಡುಗೆಮನೆಗಳಲ್ಲಿ ಇದು ನಡೆದುಕೊಂಡು ಬಂದಿದೆ. ನೆಗಡಿಯಿಂದ ಹಿಡಿದು ಕ್ಯಾನ್ಸರಿನವರೆಗೆ ಎಲ್ಲಕ್ಕೂ ಇದು ಮದ್ದು ಎಂಬ ನಂಬಿಕೆ ಅದರ ಬೆನ್ನಿಗಿದೆ. 2020ರ ಮಾರ್ಚಿನಲ್ಲಿ ಕೊರೊನಾಕ್ಕೂ ಇದೇ ಮದ್ದೆಂದು ಸಾರಿದವರಿಗೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಎಚ್ಚರಿಕೆಯ ಪತ್ರ ಕಳಿಸಬೇಕಾಯಿತು. ನಮ್ಮಲ್ಲೂ ಆನ್‌ಲೈನ್ ಅಂಗಡಿಗಳಲ್ಲಿ ಇದರ ಬಾಟಲಿಗಳು ಸಿಗುತ್ತವೆ.

ಇದನ್ನು ಮಾಡುವವರನ್ನು ಮೂಢರೆಂದು ನಕ್ಕು ಮುಂದೆ ಹೋಗುವುದು ಸುಲಭ. ನನಗೆ ಅದು ಸರಿ ಎನಿಸುವುದಿಲ್ಲ. ಅವರಲ್ಲಿ ಬಹಳಷ್ಟು ಮಂದಿ ತುಂಬ ನಿಗಾ ಉಳ್ಳವರು. ಯಾವ ನೀರು, ಎಂಥ ತಂತಿ, ಎಷ್ಟು ಕರೆಂಟು, ಕಲಕಬೇಕೇ ಬೇಡವೇ, ಬಣ್ಣ ಬಂದರೆ ಒಳ್ಳೆಯದೋ ಬಾರದಿದ್ದರೆ ಒಳ್ಳೆಯದೋ ಎಂದು ಅವರು ನಡೆಸುವ ಚರ್ಚೆ ಕೆಲವು ಸಲ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಚರ್ಚೆಗಿಂತ ಬಿರುಸಾಗಿರುತ್ತದೆ. ಅವರು ಕೇಳುವ ಒಂದೊಂದು ಪ್ರಶ್ನೆಯ ಹಿಂದೆಯೂ ನಿಜವಾದ ರಸಾಯನಶಾಸ್ತ್ರವಿದೆ. ನನ್ನ ತಕರಾರು ಇಷ್ಟೇ: ಈ ಎಲ್ಲ ಎಚ್ಚರಿಕೆಯೂ ಬಾಟಲಿಯ ಬಾಯಿಯ ತನಕ ಬಂದು ನಿಂತುಬಿಡುತ್ತದೆ. ಗುಣಮಟ್ಟವನ್ನು ಅಳೆಯುವುದು ಬಾಟಲಿಯೊಳಗೆ, ಫಲವನ್ನು ನಿರೀಕ್ಷಿಸುವುದು ದೇಹದೊಳಗೆ. ಇವೆರಡರ ನಡುವೆ ಏನಾಗುತ್ತದೆ ಎಂದು ಕೇಳಿದರೆ, ಅವರು ಇಷ್ಟು ಮುತುವರ್ಜಿಯಿಂದ ಸಾಧಿಸಿದ ಗುಣಮಟ್ಟಕ್ಕೆ ಬಹುಪಾಲು ಅರ್ಥವೇ ಉಳಿಯುವುದಿಲ್ಲ.

ಮೊದಲು ನೀರು. ಅರ್ಧ ಗುಣಮಟ್ಟ ತೀರ್ಮಾನವಾಗುವುದು ಅಲ್ಲೇ. ಬೆಳ್ಳಿಯ ಅಯಾನು ಕ್ಲೋರೈಡನ್ನು ಕಂಡರೆ ಬಿಡುವುದಿಲ್ಲ; ಎರಡೂ ಕೂಡಿದರೆ ಬೆಳ್ಳಿ ಕ್ಲೋರೈಡ್ ಎಂಬ ಬಿಳಿ ಗಸಿ. ಪಿಯುಸಿಯಲ್ಲಿ ಲವಣ ಪರೀಕ್ಷೆ ಮಾಡಿದವರಿಗೆ ಸಿಲ್ವರ್ ನೈಟ್ರೇಟಿನ ಹನಿ ಬಿದ್ದೊಡನೆ ಪ್ರನಾಳದಲ್ಲಿ ಮೂಡುವ ಆ ಬಿಳುಪು ನೆನಪಿರಬಹುದು. ಶುದ್ಧ ನೀರಿನಲ್ಲೂ ಅದು ಲೀಟರಿಗೆ ಎರಡು ಮಿಲಿಗ್ರಾಂ ಕೂಡ ಪೂರ್ತಿ ಕರಗದು. ಲೀಟರಿಗೆ 10 ಮಿಲಿಗ್ರಾಂ ಬೆಳ್ಳಿ, ಅಂದರೆ 10 ಪಿಪಿಎಂ, ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ಗುರಿಯಿಡುವ ಪ್ರಮಾಣ. ಅಷ್ಟು ಬೆಳ್ಳಿಯನ್ನು ಕಟ್ಟಿಹಾಕಲು ಬರೀ 3.3 ಮಿಲಿಗ್ರಾಂ ಕ್ಲೋರೈಡ್ ಸಾಕು. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡ ಕ್ಲೋರೈಡಿಗೆ ಇಟ್ಟಿರುವ ಅಪೇಕ್ಷಿತ ಮಿತಿಯೇ ಲೀಟರಿಗೆ 250 ಮಿಲಿಗ್ರಾಂ. ಹಾಗಿರುವಾಗ ನಲ್ಲಿ ನೀರು, ಕೊಳವೆಬಾವಿ ನೀರಿನ ಮಾತು ಬಿಡಿ, ಮನೆಯ ಆರ್‌ಓ ಯಂತ್ರದಿಂದ ಬಂದ ನೀರಿನಲ್ಲೂ ಬೆಳ್ಳಿಯನ್ನು ಗಸಿ ಮಾಡುವಷ್ಟು ಲವಣ ಉಳಿದಿರುತ್ತದೆ. ಕರೆಂಟು ಚೆನ್ನಾಗಿ ಹರಿಯಲಿ ಎಂದು ಚಿಟಿಕೆ ಉಪ್ಪು ಹಾಕುವ ಹಳೆಯ ಉಪಾಯವಂತೂ ನೀರನ್ನು ನೋಡನೋಡುತ್ತಿದ್ದಂತೆ ಹಾಲಿನ ಬಣ್ಣಕ್ಕೆ ತಿರುಗಿಸುತ್ತದೆ. ಅದರಲ್ಲಿ ಆಗುತ್ತಿರುವುದು ಬೆಳ್ಳಿಯ ಕಲಿಲದ (ಕೊಲಾಯ್ಡಿನ) ತಯಾರಿಕೆಯಲ್ಲ, ಬೆಳ್ಳಿ ಕ್ಲೋರೈಡಿನ ತಯಾರಿಕೆ.

ಹಾಗಾದರೆ ಬಟ್ಟಿ ಇಳಿಸಿದ ನೀರು ಎಲ್ಲಿಂದ ತರುವುದು? ನಮ್ಮ ಊರುಗಳಲ್ಲಿ ‘ಡಿಸ್ಟಿಲ್ಡ್ ವಾಟರ್’ ಎಂದು ಪೆಟ್ರೋಲ್ ಬಂಕಿನಲ್ಲೂ ಇನ್ವರ್ಟರ್ ಬ್ಯಾಟರಿ ಅಂಗಡಿಯಲ್ಲೂ ಸಿಗುವ ಕ್ಯಾನಿನ ನೀರು ಎಷ್ಟೋ ಸಲ ಬಟ್ಟಿ ಇಳಿಸಿದ್ದೇ ಆಗಿರುವುದಿಲ್ಲ. ರಾಳದ ಕಂಬದ ಮೂಲಕ ಹಾಯಿಸಿ ಲವಣ ತೆಗೆದ ನೀರು. ಬ್ಯಾಟರಿಗೆ ಅದು ಧಾರಾಳವಾಗಿ ಸಾಕು. ಆದರೆ ಅದನ್ನು ಕುಡಿಯುವವರಿಗಾಗಿ ಯಾರೂ ತಯಾರಿಸಿಲ್ಲ. ಅದರಲ್ಲಿ ಲವಣ ಇಲ್ಲ ಎಂದ ಮಾತ್ರಕ್ಕೆ ಸೂಕ್ಷ್ಮಜೀವಿಗಳೂ ಇಲ್ಲ ಎಂದಾಗುವುದಿಲ್ಲ.

ತಂತಿಯದು ಚಿಕ್ಕ ಮಾತು. ಒಡವೆ ಬೆಳ್ಳಿ ಎಂದರೆ 92.5 ಭಾಗ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಹಳೆಯ ಕಾಲ್ಗೆಜ್ಜೆ, ಉಡಿದಾರಗಳಲ್ಲಿ ಇನ್ನೂ ಕಡಿಮೆ ಇರಬಹುದು, ಬೆಸುಗೆಯಲ್ಲಿ ಬೇರೆ ಲೋಹಗಳೂ ಇರಬಹುದು. ಕರೆಂಟು ಹರಿದಾಗ ತಾಮ್ರ ಬೆಳ್ಳಿಗಿಂತ ಸುಲಭವಾಗಿ ಕರಗುತ್ತದೆ. 99.9ರ ತಂತಿಯನ್ನೇ ಬಳಸಬೇಕು ಎಂದು ಅವರು ಹೇಳುವುದರಲ್ಲಿ ಅತಿಶಯವೇನೂ ಇಲ್ಲ.

ಕರೆಂಟಿನ ಲೆಕ್ಕ ಮಾತ್ರ ನಿಜಕ್ಕೂ ಸೊಗಸಾದದ್ದು. ಮೈಕೆಲ್ ಫ್ಯಾರಡೆ 1830ರ ದಶಕದಲ್ಲಿ ಕಂಡುಕೊಂಡ ನಿಯಮದ ಪ್ರಕಾರ ಹರಿದ ವಿದ್ಯುತ್ತಿಗೂ ಕರಗಿದ ಲೋಹಕ್ಕೂ ನೇರ ಅನುಪಾತ. ಒಂದು ಮಿಲಿಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಸುಮಾರು 4 ಮಿಲಿಗ್ರಾಂ ಬೆಳ್ಳಿ ತಂತಿಯನ್ನು ಬಿಟ್ಟು ಬರುತ್ತದೆ. ಕಾಲು ಲೀಟರ್ ನೀರಿದ್ದರೆ ಅದು 16 ಪಿಪಿಎಂ ಆಯಿತು. ಕಾಗದದ ಮೇಲೆ ಇಷ್ಟು ಸರಳ. ಲೋಟದಲ್ಲಿ ಹಾಗಲ್ಲ. ಶುದ್ಧ ನೀರಿನಲ್ಲಿ ಮೊದಮೊದಲು ಕರೆಂಟೇ ಹರಿಯುವುದಿಲ್ಲ. ಅಯಾನುಗಳು ಹೆಚ್ಚಿದಂತೆ ಏರುತ್ತದೆ, ಏರಿದಂತೆ ಇನ್ನಷ್ಟು ಅಯಾನುಗಳು ಬರುತ್ತವೆ, ತಡೆಹಾಕದಿದ್ದರೆ ಕೈಮೀರುತ್ತದೆ. ಅದಕ್ಕೇ ತಿಳಿದವರು ಕರೆಂಟನ್ನು ಮಿತಿಯಲ್ಲಿಡುವ ಒಂದು ಬಿಡಿಭಾಗ ಸೇರಿಸುತ್ತಾರೆ, ನೀರನ್ನು ಕಲಕುತ್ತಿರುತ್ತಾರೆ. ಇಷ್ಟಾದರೂ ಕರಗಿದ ಬೆಳ್ಳಿಯಲ್ಲಿ ಒಂದು ಪಾಲು ಎದುರಿನ ತಂತಿಗೆ ಬೂದುಬಣ್ಣದ ನಯವಾದ ಎಳೆಗಳಾಗಿ ಅಂಟಿಕೊಳ್ಳುತ್ತದೆ, ಇನ್ನೊಂದು ಪಾಲು ಕಪ್ಪು ಆಕ್ಸೈಡಾಗಿ ತಳಕ್ಕೆ ಕೂರುತ್ತದೆ. ಫ್ಯಾರಡೆಯ ಲೆಕ್ಕ ಕೊಡುವುದು ಗರಿಷ್ಠವನ್ನು. ನೀರಿನಲ್ಲಿ ನಿಜಕ್ಕೂ ಉಳಿದದ್ದೆಷ್ಟು ಎಂಬುದನ್ನಲ್ಲ.

ಹಾಗೆ ಉಳಿದದ್ದಾದರೂ ಕಲಿಲವೇ? ಹೆಚ್ಚಿನ ಪಾಲು ಅಲ್ಲ. ಕಲಿಲವೆಂದರೆ ಲೋಹದ ಅತಿಸಣ್ಣ ಕಣಗಳು ತಳಕ್ಕೆ ಕೂರದೆ ನೀರಿನಲ್ಲಿ ತೇಲುತ್ತಿರುವ ಸ್ಥಿತಿ. ಹತ್ತು ನ್ಯಾನೋಮೀಟರ್ ಅಡ್ಡಳತೆಯ ಒಂದು ಕಣದಲ್ಲಿ ಸುಮಾರು 30 ಸಾವಿರ ಬೆಳ್ಳಿ ಪರಮಾಣುಗಳಿರುತ್ತವೆ. ಬ್ಯಾಟರಿ ವಿಧಾನದಲ್ಲಿ ಹೊರಬರುವುದು ಮುಖ್ಯವಾಗಿ ಒಂಟಿ ಅಯಾನುಗಳು. ಅವಕ್ಕೆ ಬಣ್ಣವಿಲ್ಲ, ನೀರು ಸ್ಫಟಿಕದಂತೆ ಕಾಣುತ್ತದೆ. ಕಣಗಳು ಕೂಡಿಕೊಂಡಾಗಲೇ ಹಳದಿ. ಆ ಗಾತ್ರದ ಬೆಳ್ಳಿ ಕಣಗಳು ಬೆಳಕಿನ ನೇರಿಳೆ ತುದಿಯನ್ನು, 400 ನ್ಯಾನೋಮೀಟರಿನ ಆಸುಪಾಸಿನದನ್ನು, ಹೀರಿಕೊಳ್ಳುವುದರಿಂದ ನಮಗೆ ಕಾಣುವುದು ಹಳದಿ ಹೊಂಬಣ್ಣ. ಕಣಗಳು ದೊಡ್ಡವಾದರೆ ಕಂದು, ಬೂದು, ಕೊನೆಗೆ ಕೆಸರು. ಲೇಸರ್ ಕಡ್ಡಿಯ ಬೆಳಕು ಹಾಯಿಸಿದಾಗ ನೀರಿನಲ್ಲಿ ಗೆರೆ ಕಂಡರೆ ಕಣಗಳಿವೆ ಎಂದರ್ಥ. ‘ಬಣ್ಣವಿಲ್ಲದ್ದೇ ಶ್ರೇಷ್ಠ’ ಎನ್ನುವ ಪಂಗಡ ಒಂದು, ‘ಹೊಂಬಣ್ಣವೇ ಶ್ರೇಷ್ಠ’ ಎನ್ನುವ ಪಂಗಡ ಇನ್ನೊಂದು. ಇಬ್ಬರೂ ಮಾಡುತ್ತಿರುವುದು ಬೇರೆ ಬೇರೆ ಪದಾರ್ಥ, ಹೆಸರು ಮಾತ್ರ ಒಂದೇ. ಇದರಲ್ಲಿ ಇನ್ನೂ ಒಂದು ಮಿತಿಯಿದೆ. ಬೆಳ್ಳಿಯ ಆಕ್ಸೈಡ್ ನೀರಿನಲ್ಲಿ ಕರಗುವುದೇ ಕಡಿಮೆಯಾದ್ದರಿಂದ, ಬೇರೇನೂ ಸೇರಿಸದ ನೀರಿನಲ್ಲಿ ಅಯಾನು ರೂಪದ ಬೆಳ್ಳಿ 20 ಪಿಪಿಎಂ ಆಸುಪಾಸಿಗೆ ನಿಲ್ಲುತ್ತದೆ. ಮನೆಯಲ್ಲೇ ಬ್ಯಾಟರಿಯಿಂದ 500 ಪಿಪಿಎಂ ಮಾಡಿದೆ ಎಂದು ಯಾರಾದರೂ ಹೇಳಿದರೆ, ಆ ಬಾಟಲಿಯಲ್ಲಿರುವುದು ಬರೀ ನೀರು ಮತ್ತು ಬೆಳ್ಳಿಯ ಅಯಾನು ಆಗಿರಲಾರದು.

ಇದನ್ನೆಲ್ಲ ಮನೆಯಲ್ಲಿ ಅಳೆಯುವುದು ಯಾವುದರಿಂದ? ಟಿಡಿಎಸ್ ಮೀಟರಿನಿಂದ. ಆರ್‌ಓ ರಿಪೇರಿಗೆ ಬರುವ ಹುಡುಗ ಜೇಬಿನಿಂದ ತೆಗೆದು ಲೋಟಕ್ಕೆ ಅದ್ದುವ, ಕೆಲವು ನೂರು ರೂಪಾಯಿಯ ಅದೇ ಪೆನ್ನು. ಅದು ಬೆಳ್ಳಿಯನ್ನು ಅಳೆಯುವುದಿಲ್ಲ. ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಒಂದು ಸ್ಥಿರಾಂಕದಿಂದ ಗುಣಿಸಿ, ಪಿಪಿಎಂ ಎಂದು ತೋರಿಸುತ್ತದೆ. ಈಗ ನಿಜವಾಗಿ 10 ಪಿಪಿಎಂ ಬೆಳ್ಳಿಯ ಅಯಾನು ಇರುವ ನೀರನ್ನು ತೆಗೆದುಕೊಳ್ಳಿ. ಪ್ರತಿ ಬೆಳ್ಳಿ ಅಯಾನಿಗೂ ಜೊತೆಗೊಂದು ಋಣ ಅಯಾನು ಇರಲೇಬೇಕು. ಜೊತೆಗಾರ ಹೈಡ್ರಾಕ್ಸೈಡ್ ಆಗಿದ್ದರೆ ವಾಹಕತೆ ಸೆಂಟಿಮೀಟರಿಗೆ ಸುಮಾರು 24 ಮೈಕ್ರೋಸೀಮನ್ಸ್. ಅರ್ಧದಿಂದ ಗುಣಿಸುವ ಮೀಟರಿನಲ್ಲಿ 12 ಎಂದು ಬರುತ್ತದೆ. ನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಹೈಡ್ರಾಕ್ಸೈಡ್ ಬೈಕಾರ್ಬೊನೇಟಾಗಿ ಬದಲಾದರೆ ಅದೇ ಬೆಳ್ಳಿಗೆ ಸುಮಾರು 10 ಮೈಕ್ರೋಸೀಮನ್ಸ್, ಮೀಟರಿನಲ್ಲಿ 5. ಬೆಳ್ಳಿ ಒಂದು ಮಿಲಿಗ್ರಾಂ ಕೂಡ ಕಡಿಮೆಯಾಗಿಲ್ಲ, ಅಂಕಿ ಮಾತ್ರ ಅರ್ಧಕ್ಕಿಂತ ಕೆಳಗಿಳಿಯಿತು. ಇನ್ನು ಕಣಗಳ ರೂಪದ ಬೆಳ್ಳಿ ಈ ಮೀಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಅಂದರೆ ಕಲಿಲವೆಂಬ ಹೆಸರಿಗೆ ತಕ್ಕ ಭಾಗ ಯಾವುದೋ ಅದು ಲೆಕ್ಕಕ್ಕೇ ಸಿಗದು. ಮೀಟರ್ 5 ತೋರಿಸಿತೆಂದು ಇನ್ನೊಂದು ಗಂಟೆ ಕರೆಂಟು ಹಾಯಿಸುವವರು ತಾವು ಕುಡಿಯಹೊರಟಿರುವುದನ್ನು ಎರಡು ಮೂರು ಪಟ್ಟು ಮಾಡಿಕೊಳ್ಳುತ್ತಿರಬಹುದು. ಸರಿಯಾಗಿ ತಿಳಿಯಬೇಕಾದರೆ ಪರಮಾಣು ಹೀರಿಕೆಯ ರೋಹಿತಮಾಪಕ ಇರುವ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು, ಕಣಗಳ ಗಾತ್ರಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಎದುರು ನಿಲ್ಲಬೇಕು. ಅದೂ ಪ್ರತಿ ಸಲ ಮಾಡಿದಾಗಲೂ. ನೀರು, ಉಷ್ಣತೆ, ತಂತಿಗಳ ನಡುವಿನ ಅಂತರ ಯಾವುದೂ ನಿನ್ನೆಯಂತೆಯೇ ಇಂದು ಇರುವುದಿಲ್ಲ.

ಅಷ್ಟೂ ಮಾಡಿದರು ಎಂದೇ ಇಟ್ಟುಕೊಳ್ಳೋಣ. ನೀರು ನಿಷ್ಕಳಂಕ, ತಂತಿ ಅಪ್ಪಟ, ಸರಿಯಾಗಿ 10 ಪಿಪಿಎಂ, ಬೆಳಕು ಬೀಳದಂತೆ ಗಾಢಬಣ್ಣದ ಗಾಜಿನ ಬಾಟಲಿ. ಅದರಿಂದ ಎರಡು ದೊಡ್ಡ ಚಮಚ ಬಾಯಿಗೆ ಹಾಕಿಕೊಂಡರು. ಜಠರದಲ್ಲಿ ಕಾದಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಚಿಟಿಕೆ ಉಪ್ಪನ್ನು, ನಲ್ಲಿ ನೀರಿನ ಹನಿಯನ್ನು ಹತ್ತಿರ ಸೇರಿಸದೆ ಕಾಪಾಡಿದ ಆ ಅಯಾನುಗಳನ್ನು ದೇಹದಲ್ಲಿ ಅತಿ ಹೆಚ್ಚು ಕ್ಲೋರೈಡ್ ಇರುವ ಜಾಗಗಳಲ್ಲೊಂದಕ್ಕೆ ಸುರಿದಂತಾಯಿತು. ಲೋಟದಲ್ಲಿ ಯಾವುದನ್ನು ಕಂಡು ‘ಕೆಟ್ಟುಹೋಯಿತು’ ಎಂದು ಬಚ್ಚಲಿಗೆ ಚೆಲ್ಲುತ್ತಿದ್ದರೋ ಅದೇ ಬೆಳ್ಳಿ ಕ್ಲೋರೈಡ್ ಈಗ ಒಳಗೆ ತಯಾರಾಗುತ್ತದೆ. ಅಲ್ಲಿಂದ ತಪ್ಪಿಸಿಕೊಂಡು ರಕ್ತಕ್ಕೆ ಸೇರಿದ್ದಕ್ಕಾದರೂ ಬಿಡುಗಡೆಯಿಲ್ಲ. 10 ಪಿಪಿಎಂ ಬೆಳ್ಳಿ ಎಂದರೆ ಲೀಟರಿಗೆ ಹೆಚ್ಚುಕಡಿಮೆ 0.09 ಮಿಲಿಮೋಲ್, ರಕ್ತದ ದ್ರವದಲ್ಲಿ ಕ್ಲೋರೈಡ್ ಇರುವುದು ಲೀಟರಿಗೆ ಸುಮಾರು 100 ಮಿಲಿಮೋಲ್. ಅದರ ಮೇಲೆ ಪ್ರೋಟೀನುಗಳಲ್ಲಿನ ಗಂಧಕ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದು ಬೆಳ್ಳಿಗೆ ಗಂಧಕದ ಮೇಲಿರುವ ಇದೇ ಮೋಹದಿಂದ. ಬೆಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದೂ ಅವುಗಳ ಪ್ರೋಟೀನಿನ ಗಂಧಕಕ್ಕೆ ಅಂಟಿಕೊಂಡೇ. ಆದರೆ ನಮ್ಮ ಪ್ರೋಟೀನು ಯಾವುದು, ರೋಗಾಣುವಿನದು ಯಾವುದು ಎಂಬ ವಿವೇಚನೆ ಅದಕ್ಕಿಲ್ಲ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತ ಚಿತ್ರವನ್ನು ತೋರಿಸಿ ದೇಹದೊಳಗೂ ಹಾಗೇ ಆಗುತ್ತದೆ ಎನ್ನುವ ವಾದ ಕುಸಿಯುವುದು ಇಲ್ಲಿ.

‘ಅದಕ್ಕೇ ಕಣಗಳ ರೂಪ ಉತ್ತಮ, ಅವು ಹೊಟ್ಟೆಯ ಆಮ್ಲಕ್ಕೆ ಜಗ್ಗುವುದಿಲ್ಲ’ ಎಂದು ಹೊಂಬಣ್ಣದ ಪಂಗಡ ಹೇಳಬಹುದು. ಕಣಗಳ ಸುತ್ತ ಜೆಲಟಿನ್ನಿನ ಹೊದಿಕೆ ಕೊಟ್ಟು ಗಟ್ಟಿಗೊಳಿಸುವವರೂ ಇದ್ದಾರೆ. ಆದರೆ ಈ ದಾರಿಯಲ್ಲಿ ಮುಂದೆ ಹೋದಷ್ಟೂ ಒಂದು ವಿಚಿತ್ರ ಎದುರಾಗುತ್ತದೆ. ಬೆಳ್ಳಿ ಮನುಷ್ಯ ದೇಹಕ್ಕೆ ಯಾವ ಕೆಲಸಕ್ಕೂ ಬೇಕಾದ ಧಾತುವಲ್ಲ. ಕಬ್ಬಿಣ, ಸತುವಿನಂತೆ ಅದರ ಕೊರತೆಯೆಂಬುದಿಲ್ಲ. ಹೀರಿಕೆಯನ್ನು ತಪ್ಪಿಸುವ ಕಳಪೆ ಬೆಳ್ಳಿ ನೀರು ಬಹುಪಾಲು ಮಲದಲ್ಲಿ ಹೊರಗೆ ಹೋಗುತ್ತದೆ. ಹೆಚ್ಚು ಸ್ಥಿರವಾದ, ಹೆಚ್ಚು ಒಳಸೇರುವ ‘ಉತ್ತಮ’ ಬೆಳ್ಳಿ ನೀರು ಹೆಚ್ಚು ಬೆಳ್ಳಿಯನ್ನು ಅಂಗಾಂಶಗಳಲ್ಲಿ ಕೂರಿಸುತ್ತದೆ. ಮಾಡುವವರ ಅಳತೆಗೋಲಿನಲ್ಲಿ ಮೇಲೇರಿದಷ್ಟೂ ದೇಹದ ಅಳತೆಗೋಲಿನಲ್ಲಿ ಕೆಳಗಿಳಿಯುವ ವಸ್ತು ಇದು.

ಹಾಗೆ ಕೂತ ಬೆಳ್ಳಿ ಏನು ಮಾಡುತ್ತದೆ ಎಂಬುದನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಹಂತಹಂತವಾಗಿ ವಿವರಿಸಿದ್ದಾರೆ: ಕಣಗಳು ಜಠರದ ಆಮ್ಲದಲ್ಲಿ ಅಯಾನುಗಳಾಗಿ ಕರಗುತ್ತವೆ, ಪ್ರೋಟೀನಿಗಂಟಿಕೊಂಡು ರಕ್ತದಲ್ಲಿ ಸಾಗುತ್ತವೆ, ಚರ್ಮದ ಬಳಿ ಬೆಳಕು ತಾಗಿದಾಗ ಮತ್ತೆ ಲೋಹದ ಕಣಗಳಾಗುತ್ತವೆ, ಆಮೇಲೆ ಗಂಧಕ, ಸೆಲೆನಿಯಂ ಸೇರಿ ಕಪ್ಪು ಸಂಯುಕ್ತಗಳಾಗಿ ಅಲ್ಲೇ ನೆಲೆಸುತ್ತವೆ. ಹಳೆಯ ಕಾಲದ ಫೋಟೋ ಫಿಲ್ಮಿನಲ್ಲಿ ನಡೆಯುತ್ತಿದ್ದದ್ದೂ ಬೆಳಕು ಬೆಳ್ಳಿಯನ್ನು ಕಪ್ಪಾಗಿಸುವ ಕೆಲಸವೇ. ಚರ್ಮ ನೀಲಿ ಬೆರೆತ ಬೂದುಬಣ್ಣಕ್ಕೆ ತಿರುಗುವ ಈ ಸ್ಥಿತಿಗೆ ಆರ್ಜಿರಿಯಾ ಎಂದು ಹೆಸರು. ಅದು ಜೀವ ತೆಗೆಯುವುದಿಲ್ಲ. ತಾನಾಗಿ ಹೋಗುವುದೂ ಇಲ್ಲ.

ಮಾಂಟಾನಾ ರಾಜ್ಯದ ರಾಜಕಾರಣಿ ಸ್ಟ್ಯಾನ್ ಜೋನ್ಸ್ 2002ರಲ್ಲಿ ಲಿಬರ್ಟೇರಿಯನ್ ಪಕ್ಷದಿಂದ ಅಮೆರಿಕದ ಸೆನೆಟಿಗೆ ಸ್ಪರ್ಧಿಸಿದಾಗ ದೇಶವೆಲ್ಲ ಮಾತಾಡಿದ್ದು ಅವರ ನೀಲಿ ಮುಖದ ಬಗ್ಗೆ. 2000ದ ಇಸವಿ ಕಾಲಿಟ್ಟೊಡನೆ ಕಂಪ್ಯೂಟರುಗಳು ಕೈಕೊಟ್ಟು ಆಂಟಿಬಯೋಟಿಕ್ ಸಿಗದಂತಾದೀತು ಎಂಬ ಭಯದಿಂದ ಅವರು 1999ರಲ್ಲಿ ಮನೆಯಲ್ಲೇ ಬೆಳ್ಳಿ ನೀರು ಮಾಡಿ ಕುಡಿಯತೊಡಗಿದ್ದರು. ಬಣ್ಣ ಬದಲಾದ ಮೇಲೂ ಅವರು ದೂರಿದ್ದು ತಾವು ಪ್ರಮಾಣ ಮೀರಿದ್ದನ್ನು, ಬೆಳ್ಳಿಯನ್ನಲ್ಲ. ಇಡೀ ವಿಚಾರಸರಣಿಯ ಬಲೆ ಇರುವುದು ಇಲ್ಲೇ. ಫಲ ಸಿಗದಿದ್ದರೆ ತಯಾರಿಕೆ ಸರಿಯಿರಲಿಲ್ಲ. ತೊಂದರೆಯಾದರೆ ಪ್ರಮಾಣ ಸರಿಯಿರಲಿಲ್ಲ. ಗುಣಮಟ್ಟದ ಪ್ರಶ್ನೆ ಹೀಗೆ ಮುಗಿಯದೆ ಉಳಿದರೆ ಉಪಯೋಗದ ಪ್ರಶ್ನೆ ಎಂದೂ ಸರದಿಗೆ ಬರುವುದಿಲ್ಲ.

ಪ್ರಮಾಣದ ಲೆಕ್ಕ ಕಷ್ಟದ್ದೇನಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆರ್ಜಿರಿಯಾ ತಪ್ಪಿಸಲು ಇಟ್ಟಿರುವ ಮಿತಿ ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ 5 ಮೈಕ್ರೋಗ್ರಾಂ. ಸಿಫಿಲಿಸ್ ರೋಗಕ್ಕೆ ಹಿಂದೆ ಕೊಡುತ್ತಿದ್ದ ಬೆಳ್ಳಿ ಬೆರೆತ ಚುಚ್ಚುಮದ್ದಿನಿಂದ ಮೈಬಣ್ಣ ಬದಲಾದವರ ದಾಖಲೆಗಳೇ ಅದಕ್ಕೆ ಆಧಾರ. ಅವರಲ್ಲಿ ಅತಿ ಕಡಿಮೆ ಪಡೆದವರ ಮೈಗೆ ಸೇರಿದ್ದ ಬೆಳ್ಳಿ ಒಟ್ಟು ಒಂದು ಗ್ರಾಂ. 60 ಕಿಲೋ ತೂಕದವರಿಗೆ ದಿನದ ಮಿತಿ 300 ಮೈಕ್ರೋಗ್ರಾಂ. 10 ಪಿಪಿಎಂ ಬೆಳ್ಳಿ ನೀರಿನ 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚ, ಅಷ್ಟನ್ನೂ ತುಂಬಿಬಿಡುತ್ತದೆ. ಟಿಡಿಎಸ್ ಪೆನ್ನು ನಂಬಿ ಗಾಢವಾದ ದ್ರಾವಣ ಮಾಡಿಕೊಂಡವರದು ಒಂದೇ ಚಮಚಕ್ಕೆ ತುಂಬಬಹುದು. ಮಕ್ಕಳ ತೂಕಕ್ಕೆ ಈ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ಇದು ಮೈ ನೀಲಿಯಾಗದಿರಲು ಇಟ್ಟ ಮಿತಿ ಮಾತ್ರ, ಇಷ್ಟು ಕುಡಿದರೆ ಗುಣವಾಗುತ್ತದೆ ಎಂಬ ಶಿಫಾರಸಲ್ಲ. ಅಂಥ ಶಿಫಾರಸಿಗೆ ಆಧಾರವೇ ಇಲ್ಲವೆಂದು ಎಫ್‌ಡಿಎ 1999ರಲ್ಲೇ ನಿಯಮ ಹೊರಡಿಸಿ, ವೈದ್ಯರ ಚೀಟಿಯಿಲ್ಲದೆ ಮಾರುವ ಬೆಳ್ಳಿ ಕಲಿಲದ ಔಷಧಿಗಳನ್ನು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಪರಿಗಣಿಸಲಾಗದು ಎಂದಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಪಕ್ಕಕ್ಕೆ ಸರಿಸುವುದು ನ್ಯಾಯವಲ್ಲ. ಆಂಟಿಬಯೋಟಿಕ್ ಬರುವ ಮೊದಲು ವೈದ್ಯರೇ ಬೆಳ್ಳಿ ಬಳಸುತ್ತಿರಲಿಲ್ಲವೇ? ಬಳಸುತ್ತಿದ್ದರು. ಜರ್ಮನಿಯ ಪ್ರಸೂತಿ ವೈದ್ಯ ಕಾರ್ಲ್ ಕ್ರೆಡೆ 1880ರ ದಶಕದಲ್ಲಿ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಹನಿ ಹಾಕಿ, ಹೆರಿಗೆಯಲ್ಲಿ ತಗಲುವ ಸೋಂಕಿನಿಂದ ಕುರುಡಾಗುತ್ತಿದ್ದ ಅಸಂಖ್ಯ ಮಕ್ಕಳ ದೃಷ್ಟಿ ಉಳಿಸಿದ. ಫಿಲಡೆಲ್ಫಿಯಾದ ಆಲ್ಬರ್ಟ್ ಬಾರ್ನ್ಸ್ 1902ರಲ್ಲಿ ಮಾರುಕಟ್ಟೆಗೆ ತಂದ ಆರ್ಜಿರೋಲ್ ಎಂಬ ಬೆಳ್ಳಿಯ ಔಷಧಿಯಿಂದ ಎಷ್ಟು ಗಳಿಸಿದನೆಂದರೆ, ಆ ಹಣದಲ್ಲಿ ಕೂಡಿಹಾಕಿದ ರೆನ್ವಾರ್, ಸೆಜಾನರ ವರ್ಣಚಿತ್ರಗಳ ಸಂಗ್ರಹ ಇಂದಿಗೂ ಜಗತ್ಪ್ರಸಿದ್ಧ. ಸಲ್ಫಾ ಮದ್ದುಗಳು, ಪೆನಿಸಿಲಿನ್ ಬಂದ ಮೇಲೆ ಬೆಳ್ಳಿ ಹಿಂದೆ ಸರಿಯಿತು. ‘ಬೆಳ್ಳಿಗೆ ಪೇಟೆಂಟ್ ಸಿಗದು, ಅದಕ್ಕೇ ಔಷಧ ಕಂಪನಿಗಳು ಅದನ್ನು ಮುಚ್ಚಿಟ್ಟವು’ ಎಂಬುದು ಈ ಇತಿಹಾಸದಿಂದ ಹುಟ್ಟಿದ ಕಥೆ. ಆದರೆ ಸುಟ್ಟಗಾಯಕ್ಕೆ ಇಂದಿಗೂ ಆಸ್ಪತ್ರೆಗಳಲ್ಲಿ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಬಂದದ್ದು 1960ರ ದಶಕದ ಕೊನೆಯಲ್ಲಿ, ಪೆನಿಸಿಲಿನ್ ಬಂದು ಎರಡು ದಶಕಕ್ಕೂ ಹೆಚ್ಚು ಕಾಲ ಆದ ಮೇಲೆ. ಬೆಳ್ಳಿ ಸೇರಿಸಿದ ಗಾಯಪಟ್ಟಿಗಳನ್ನು ಕಂಪನಿಗಳು ಒಳ್ಳೆಯ ಬೆಲೆಗೆ ಮಾರುತ್ತಿವೆ. ಮುಚ್ಚಿಡುವವರು ಹೀಗೆ ಮಾರಾಟಕ್ಕೆ ಇಡುವುದಿಲ್ಲ. ಕ್ರೆಡೆಯ ಹನಿಯೂ ಈ ಮುಲಾಮೂ ಕೆಲಸ ಮಾಡುವುದು ಮೈಯ ಮೇಲ್ಮೈಯಲ್ಲಿ, ರೋಗಾಣು ಇರುವ ಜಾಗದಲ್ಲೇ. ಜಠರವನ್ನೂ ರಕ್ತವನ್ನೂ ದಾಟುವ ಕೆಲಸ ಅವುಗಳಿಗಿಲ್ಲ.

ನಮ್ಮವರ ಆಕ್ಷೇಪ ಬೇರೆ: ಕೂಸಿಗೆ ಬೆಳ್ಳಿ ಒಳಲೆಯಲ್ಲಿ ಹಾಲು ಕುಡಿಸಿಲ್ಲವೇ, ಸಿಹಿತಿಂಡಿಯ ಮೇಲೆ ಬೆಳ್ಳಿ ವರಕು ತಿಂದಿಲ್ಲವೇ? ಗಟ್ಟಿ ಲೋಹದಿಂದ ಹಾಲಿಗೆ ಇಳಿಯುವುದು ತೀರ ಅತ್ಯಲ್ಪ. ವರಕು ಹಬ್ಬಕ್ಕೊಮ್ಮೆ ಬರುವ ಒಂದು ಚೂರು. ಅದಕ್ಕೂ ದಿನಾ ಬೆಳಿಗ್ಗೆ ಕರಗಿದ ಬೆಳ್ಳಿಯನ್ನು ಅಳೆದು ಕುಡಿಯುವುದಕ್ಕೂ ಸಂಬಂಧವಿಲ್ಲ. ನೀರಿನ ಶುದ್ಧೀಕರಣದಲ್ಲೂ ಬೆಳ್ಳಿ ಇದೆ. 2009ರಲ್ಲಿ ಬಂದ ಟಾಟಾ ಸ್ವಚ್ಛ್ ಫಿಲ್ಟರಿನಲ್ಲಿ ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೋ ಕಣಗಳನ್ನು ಅಂಟಿಸಿದ್ದರು. ಅಲ್ಲಿ ಬೆಳ್ಳಿ ಫಿಲ್ಟರಿನಲ್ಲೇ ಉಳಿಯಬೇಕು ಎಂಬುದೇ ವಿನ್ಯಾಸದ ಉದ್ದೇಶ. ಕುಡಿಯುವ ನೀರಿನಲ್ಲಿ ಬೆಳ್ಳಿಗೆ ಭಾರತೀಯ ಮಾನಕ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಮನೆಯ 10 ಪಿಪಿಎಂ ಬೆಳ್ಳಿ ನೀರು ಅದರ ನೂರು ಪಟ್ಟು.

‘ವರ್ಷಗಟ್ಟಲೆ ಕುಡಿಯುತ್ತಿದ್ದೇನೆ, ಏನೂ ಆಗಿಲ್ಲ’ ಎನ್ನುವವರ ಮಾತನ್ನು ನಾನು ನಂಬುತ್ತೇನೆ. ಕಡಿಮೆ ಪ್ರಮಾಣದಲ್ಲಿ ಕುಡಿಯುವ ಬಹುತೇಕರ ಮೈ ನೀಲಿಯಾಗುವುದಿಲ್ಲ. ಆ ಬೆಳ್ಳಿ ಬಹುಪಾಲು ಹೊಟ್ಟೆಯಲ್ಲೇ ನಿಷ್ಕ್ರಿಯವಾಗಿ ಹೊರಹೋಗುವುದರಿಂದ ಕಣ್ಣಿಗೆ ಕಾಣುವ ತೊಂದರೆಯೂ ಇಲ್ಲ, ಉಪಕಾರವೂ ಇಲ್ಲ. ಆದರೆ ನಂಬಿದವರು ಕಾಯಿಲೆ ಬಂದಾಗಲೇ ಪ್ರಮಾಣ ಏರಿಸುವುದು, ಆಗಲೇ ಆಸ್ಪತ್ರೆಗೆ ಹೋಗುವುದನ್ನು ನಾಳೆಗೆ ತಳ್ಳುವುದು. ಇದಲ್ಲದೆ ಬೆಳ್ಳಿ ಕೆಲವು ಆಂಟಿಬಯೋಟಿಕ್‌ಗಳೂ ಥೈರಾಕ್ಸಿನ್ ಮಾತ್ರೆಯೂ ಮೈಗೆ ಸರಿಯಾಗಿ ಹೀರಿಕೆಯಾಗದಂತೆ ಅಡ್ಡಬರಬಲ್ಲದು. ನಮ್ಮ ಮನೆಗಳಲ್ಲಿ ಥೈರಾಯ್ಡ್ ಮಾತ್ರೆ ನುಂಗುವುದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಬೆಳ್ಳಿ ನೀರು ಕುಡಿಯಲು ಹೇಳುವವರು ಸೂಚಿಸುವುದೂ ಆಗಾಗ ಅದೇ ಹೊತ್ತನ್ನು. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿ, ವೈದ್ಯರು ಮಾತ್ರೆಯ ಶಕ್ತಿ ಹೆಚ್ಚಿಸುವ ಮೊದಲು ‘ಬೇರೆ ಏನಾದರೂ ತಗೋತಿದ್ದೀರಾ?’ ಎಂದು ಕೇಳಿದರೆ, ಹೇಳಬೇಕಾದ ಪಟ್ಟಿಯಲ್ಲಿ ಈ ಎರಡು ಚಮಚವೂ ಇರಬೇಕು.